ಭೂಕಾಂತಕ್ಷೇತ್ರವೂ ಸೂರ್ಯಮಾರುತವೂ: ಉಡುಪಿ ರಾಮಚಂದ್ರ ರಾಯರ ಸಂಶೋಧನೆಯ ಸಮೀಕ್ಷೆ

೧

ಉಡುಪಿ ರಾಮಚಂದ್ರ ರಾಯರ (೧೯೩೨–೨೦೧೭) ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮ ನಾಡಿನಲ್ಲಿ ವಿರಳ. ೧೯೭೫ರ ಏಪ್ರಿಲ್ ೧೯ರಂದು ಕಕ್ಷೆಗೇರಿದ ಆರ್ಯಭಟ ಉಪಗ್ರಹದ ನಿರ್ಮಾಣಕ್ಕೆ ಅವರು ನಾಯಕರಾಗಿದ್ದರೆಂಬುದನ್ನೂ, ೧೯೮೪ರಿಂದ ೧೯೯೪ರ ವರೆಗೆ ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆಯ ಅಧ್ಯಕ್ಷಪದವಿಯಲ್ಲಿದ್ದರೆಂಬುದನ್ನೂ ಎಲ್ಲರೂ ಬಲ್ಲರು. ಆದರೆ ಉಪಗ್ರಹನಿರ್ಮಾಣದ ಹೊಣೆ ಹೆಗಲೇರುವುದಕ್ಕೆ ಮುಂಚೆ, ಸುಮಾರು ಎರಡು ದಶಕಗಳ ಕಾಲ, ರಾಯರು ಪ್ರಯೋಗಶಾಲೆಯ ವಿದ್ವಾಂಸರಾಗಿದ್ದರು. ಆಗ ಅವರು ಯಾವ ಪ್ರಶ್ನೆಯನ್ನು ಹಿಡಿದು ದುಡಿದರು, ಅದರಿಂದ ಶಾಸ್ತ್ರಕ್ಕೆ ದೊರೆತ ಲಾಭವೇನು ಎಂಬುದು ಭೌತಶಾಸ್ತ್ರವನ್ನೇ ಓದುವ ನಮ್ಮ ವಿದ್ಯಾರ್ಥಿಗಳಿಗೂ ಸಾಮಾನ್ಯವಾಗಿ ತಿಳಿದಿಲ್ಲ.

ಈ ಅಜ್ಞಾನದ ಪಕ್ಕದಲ್ಲಿಯೇ ಒಂದು ಅತ್ಯುಕ್ತಿಯೂ ಬೆಳೆದಿದೆ. ಸೂರ್ಯಮಾರುತವನ್ನು ಕಂಡುಹಿಡಿದವರೇ ರಾಯರು ಎಂಬಂತೆ ಬರೆದ ಲೇಖನಗಳುಂಟು. ಅಭಿಮಾನ ಸಹಜವಾದದ್ದು. ಆದರೆ ಚರಿತ್ರೆಯು ಅಭಿಮಾನದ ಅಳತೆಗೋಲನ್ನು ಹಿಡಿಯಲಾರದು. ಇಲ್ಲದ ಕೀರ್ತಿಯನ್ನು ಹೊರಿಸುವುದರಿಂದ ಇದ್ದ ಕೀರ್ತಿಗೆ ಮಸುಕು ಕವಿಯುತ್ತದೆ. ರಾಯರು ನಿಜವಾಗಿ ಮಾಡಿದ್ದೇನು ಎಂಬುದನ್ನು ಅದರ ಹಿನ್ನೆಲೆಯೊಡನೆ ವಿಚಾರಿಸುವುದೇ ಈ ಲೇಖನದ ಉದ್ದೇಶ. ಹಾಗೆ ವಿಚಾರಿಸಿದಾಗ ಅವರ ಸಂಶೋಧನೆಗಳಲ್ಲೆಲ್ಲ ಒಂದೇ ಸೂತ್ರ ಹರಿದಿರುವುದು ಕಂಡುಬರುತ್ತದೆ: ಭೂಮಿಯ ಕಾಂತಕ್ಷೇತ್ರವನ್ನು ಕೇವಲ ಅಡ್ಡಿಯೆಂದು ಎಣಿಸದೆ, ಅದನ್ನೇ ಅಂತರಿಕ್ಷವನ್ನು ಅಳೆಯುವ ಸಾಧನವನ್ನಾಗಿ ಮಾಡಿಕೊಂಡದ್ದು.

೨

ರಾಯರಿಗೆ ದೊರೆತ ಪ್ರಶ್ನೆ ಅವರ ಕಾಲಕ್ಕೆ ಹೊಸದಾಗಿರಲಿಲ್ಲ. ದಿಕ್ಸೂಚಿಯ ಮುಳ್ಳು ಕೆಲವು ದಿನ ಕಾರಣವಿಲ್ಲದೆ ಅಲುಗಾಡುವುದನ್ನು ವಿದ್ವಾಂಸರು ಹದಿನೆಂಟನೆಯ ಶತಮಾನದಲ್ಲಿಯೇ ಗುರುತಿಸಿದ್ದರು. ೧೮೫೯ರ ಸೆಪ್ಟೆಂಬರ್ ೧ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯಬಿಂಬದ ಮೇಲೆ ಒಂದು ಪ್ರಖರವಾದ ಸ್ಫೋಟವನ್ನು ಕಂಡನು. ಒಂದು ದಿನ ಕಳೆಯುವುದರೊಳಗಾಗಿ ಭೂಮಂಡಲದ ಕಾಂತಯಂತ್ರಗಳೆಲ್ಲ ಕ್ಷೋಭೆಗೊಂಡವು. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಕ್ಷೇತ್ರದ ಸಮತಲಾಂಶವು ಸುಮಾರು ೧,೬೦೦ ನ್ಯಾನೊಟೆಸ್ಲದಷ್ಟು ಕುಸಿಯಿತು. ಆ ಮಹಾಪ್ರಕೋಪವನ್ನು ಕೆಳ ಅಕ್ಷಾಂಶದಲ್ಲಿ ಅಳೆದಿಟ್ಟ ಅಪೂರ್ವ ದಾಖಲೆಯೆಂದು ಇಂದಿಗೂ ಅದನ್ನು ವಿದ್ವಾಂಸರು ಪರಾಮರ್ಶಿಸುತ್ತಾರೆ. ಮುಂದೆ ಮುಂಬಯಿಯ ಟ್ರಾಮುಗಳಿಗೆ ವಿದ್ಯುತ್ತು ಬಂದು ಯಂತ್ರಗಳಿಗೆ ತೊಡಕಾಗುವುದೆಂದು ಈ ಕಾರ್ಯವನ್ನು ೧೯೦೪ರಲ್ಲಿ ಅಲಿಬಾಗಿಗೆ ಸಾಗಿಸಿದರು.

ಸೂರ್ಯನಿಂದ ಭೂಮಿಗೆ ಏನೋ ಒಂದು ಬರುತ್ತದೆಂಬುದು ಇದರಿಂದ ಸ್ಪಷ್ಟವಾಯಿತು. ಬರುವುದು ಏನು, ಹೇಗೆ ಎಂಬಲ್ಲಿ ಮಾತ್ರ ಭಿನ್ನಾಭಿಪ್ರಾಯವಿತ್ತು. ಸಿಡ್ನಿ ಚಾಪ್‌ಮನ್ ಮತ್ತು ಫೆರಾರೊ ಎಂಬ ವಿದ್ವಾಂಸರು ೧೯೩೦ರ ಹೊತ್ತಿಗೆ ಮಂಡಿಸಿದ ಸಿದ್ಧಾಂತದಂತೆ ಸೂರ್ಯನು ಆಗಾಗ ವಿದ್ಯುತ್ಕಣಗಳ ಮೋಡಗಳನ್ನು ಉಗುಳುತ್ತಾನೆ. ಅವು ಭೂಮಿಯ ಕಾಂತಕ್ಷೇತ್ರವನ್ನು ಒತ್ತಿದಾಗ ಪ್ರಕೋಪ ಉಂಟಾಗುತ್ತದೆ. ಉಳಿದ ಕಾಲದಲ್ಲಿ ಅಂತರಿಕ್ಷ ಬರಿದು. ಆದರೆ ೧೯೫೧ರಲ್ಲಿ ಲುಡ್ವಿಗ್ ಬಿಯರ್‌ಮನ್, ಧೂಮಕೇತುಗಳ ಬಾಲವು ಯಾವಾಗಲೂ ಸೂರ್ಯನಿಗೆ ವಿಮುಖವಾಗಿ ಚಾಚಿರುವುದನ್ನು ಆಧಾರವಾಗಿಟ್ಟುಕೊಂಡು, ಕಣಪ್ರವಾಹವು ಎಡೆಬಿಡದೆ ಹರಿಯುತ್ತಿರಬೇಕೆಂದು ವಾದಿಸಿದನು. ೧೯೫೮ರಲ್ಲಿ ಯೂಜೀನ್ ಪಾರ್ಕರ್ ಇದಕ್ಕೆ ಗಣಿತದ ರೂಪವನ್ನು ಕೊಟ್ಟು, ಈ ಪ್ರವಾಹಕ್ಕೆ 'ಸೂರ್ಯಮಾರುತ'ವೆಂಬ ಹೆಸರನ್ನಿತ್ತನು. ಸೂರ್ಯನು ತಿರುಗುತ್ತಲೇ ಗಾಳಿಯನ್ನು ಬೀಸುವುದರಿಂದ, ಅದರೊಡನೆ ಸಾಗುವ ಸೂರ್ಯನ ಕಾಂತರೇಖೆಗಳು ಸುರುಳಿಯಾಗಿ ಬಾಗುತ್ತವೆಂದೂ ಅವನು ತೋರಿಸಿದನು. ಹಲವರು ಇದನ್ನು ಒಪ್ಪಲಿಲ್ಲ.

ಇದೇ ಕಾಲದಲ್ಲಿ ಇನ್ನೊಂದು ಶಾಖೆಯೂ ಬೆಳೆಯುತ್ತಿತ್ತು. ಹೊರಗಿನಿಂದ ಭೂಮಿಗೆ ಸುರಿಯುವ ವಿಶ್ವಕಿರಣಗಳು ವಿದ್ಯುದಾವಿಷ್ಟ ಕಣಗಳಾದ್ದರಿಂದ ಭೂಮಿಯ ಕಾಂತಕ್ಷೇತ್ರ ಅವುಗಳ ದಾರಿಯನ್ನು ಬಾಗಿಸುತ್ತದೆ. ಪಶ್ಚಿಮದಿಂದ ಬರುವ ಕಣಗಳ ಸಂಖ್ಯೆ ಪೂರ್ವದಿಂದ ಬರುವುದಕ್ಕಿಂತ ಹೆಚ್ಚೆಂದು ೧೯೩೩ರಲ್ಲಿ ತಿಳಿದುಬಂದಾಗ, ಆ ಕಣಗಳು ಬಹುಮಟ್ಟಿಗೆ ಧನವಿದ್ಯುತ್ತಿನವು ಎಂಬುದು ನಿರ್ಧಾರವಾಯಿತು. ನಮ್ಮ ದೇಶದಲ್ಲಿ ಈ ವಿಷಯವನ್ನು ಕೈಗೊಂಡವರಲ್ಲಿ ವಿಕ್ರಮ ಸಾರಾಭಾಯಿಯವರು ಪ್ರಮುಖರು. ಅವರು ಎರಡನೆಯ ಮಹಾಯುದ್ಧದ ದಿನಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ನರ ಮಾರ್ಗದರ್ಶನದಲ್ಲಿ, ಕಾಲಾನುಸಾರವಾಗಿ ವಿಶ್ವಕಿರಣಗಳ ತೀವ್ರತೆ ಏರಿಳಿಯುವುದನ್ನು ಅಳೆಯತೊಡಗಿದ್ದರು. ೧೯೪೭ರಲ್ಲಿ ಅಹಮದಾಬಾದಿನಲ್ಲಿ ಅವರು ಸ್ಥಾಪಿಸಿದ ಭೌತ ಸಂಶೋಧನಾಲಯಕ್ಕೆ ಈ ಪ್ರಶ್ನೆಯೂ ಅವರೊಡನೆ ಹೋಯಿತು. ಅಲ್ಲಿಗೆ ಶಿಷ್ಯರಾಗಿ ಬಂದವರು ರಾಯರು.

೩

ರಾಯರು ಹುಟ್ಟಿದ್ದು ೧೯೩೨ರ ಮಾರ್ಚ್ ೧೦ರಂದು, ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಅದಮಾರಿನಲ್ಲಿ. ಉಡುಪಿಯಲ್ಲಿ ಪ್ರೌಢಶಾಲೆ, ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್, ಅನಂತಪುರದಲ್ಲಿ ಬಿ.ಎಸ್‌ಸಿ., ೧೯೫೩ರಲ್ಲಿ ಕಾಶಿ ಹಿಂದೂ ವಿಶ್ವವಿದ್ಯಾಲಯದಿಂದ ಎಂ.ಎಸ್‌ಸಿ.: ಹೀಗೆ ಊರೂರು ದಾಟಿ ಸಾಗಿದ ವಿದ್ಯಾಭ್ಯಾಸ ಅವರದು. ಅಹಮದಾಬಾದಿನಲ್ಲಿ ಸಾರಾಭಾಯಿಯವರ ಬಳಿ ನಡೆಸಿದ ಸಂಶೋಧನೆಗೆ ೧೯೬೦ರಲ್ಲಿ ಗುಜರಾತ್ ವಿಶ್ವವಿದ್ಯಾಲಯ ಡಾಕ್ಟರೇಟ್ ಪದವಿಯನ್ನಿತ್ತಿತು.

ಆ ಸಂಶೋಧನೆಯ ತೊಡಕು ಎಂಥದೆಂಬುದನ್ನು ಗಮನಿಸಬೇಕು. ನೆಲದ ಮೇಲೆ ಇಟ್ಟ ಯಂತ್ರವು ಎಣಿಸುವ ವಿಶ್ವಕಿರಣಗಳ ಸಂಖ್ಯೆ ದಿನದ ಒಂದು ಹೊತ್ತು ತುಸು ಹೆಚ್ಚು, ಇನ್ನೊಂದು ಹೊತ್ತು ತುಸು ಕಡಮೆ. ವ್ಯತ್ಯಾಸ ನೂರಕ್ಕೆ ಒಂದರಷ್ಟೂ ಇಲ್ಲ. ಇದಕ್ಕೆ ಎರಡು ಕಾರಣಗಳಿರಬಹುದು. ಕಣಗಳು ಅಂತರಿಕ್ಷದ ಒಂದು ದಿಕ್ಕಿನಿಂದ ಹೆಚ್ಚಾಗಿ ಬರುತ್ತಿದ್ದು, ಭೂಮಿ ತಿರುಗಿದಂತೆ ಯಂತ್ರವು ದಿನಕ್ಕೊಮ್ಮೆ ಆ ದಿಕ್ಕಿಗೆ ಮುಖಮಾಡುತ್ತಿರಬಹುದು. ಇಲ್ಲವೆ, ಹಗಲಿನ ಬಿಸಿಲಿಗೆ ವಾಯುಮಂಡಲವು ಕಾದು ಹಿಗ್ಗುವುದರಿಂದಲೇ ಎಣಿಕೆ ಬದಲಾಗುತ್ತಿರಬಹುದು. ಮೊದಲನೆಯದು ಅಂತರಿಕ್ಷದ ಸಮಾಚಾರ, ಎರಡನೆಯದು ನಮ್ಮ ಮನೆಯ ಅಂಗಳದ ಸಮಾಚಾರ. ಎರಡನ್ನೂ ಬೇರ್ಪಡಿಸದ ಹೊರತು ಮಾಪನಕ್ಕೆ ಬೆಲೆಯಿಲ್ಲ.

ಗುರುಶಿಷ್ಯರು ಕಂಡುಕೊಂಡ ಉಪಾಯ ಸರಳವಾದದ್ದು. ಎಣಿಕೆಯ ನಳಿಗೆಗಳ ಎರಡು ಜೋಡಣೆಗಳನ್ನು, ಒಂದನ್ನು ಪೂರ್ವಕ್ಕೆ, ಒಂದನ್ನು ಪಶ್ಚಿಮಕ್ಕೆ, ನೆತ್ತಿಯಿಂದ ೪೫ ಡಿಗ್ರಿಗಳಷ್ಟು ಓರೆಯಾಗಿ ನಿಲ್ಲಿಸಿದರು. ಎರಡರ ಮೇಲಿರುವ ವಾಯುಮಂಡಲ ಬಹುಮಟ್ಟಿಗೆ ಒಂದೇ. ಅದರ ಪರಿಣಾಮವೂ ಒಂದೇ ಹೊತ್ತಿಗೆ ಕಾಣಬೇಕು. ಅಂತರಿಕ್ಷದ ಪರಿಣಾಮವಾದರೋ, ಪೂರ್ವಕ್ಕೆ ನೋಡುವ ಯಂತ್ರ ಆ ದಿಕ್ಕನ್ನು ಮೊದಲು ಸಂಧಿಸುವುದರಿಂದ, ಅದರಲ್ಲಿ ಮುಂಚಿತವಾಗಿಯೂ ಇನ್ನೊಂದರಲ್ಲಿ ತಡವಾಗಿಯೂ ಕಾಣಬೇಕು. ಭೂಕಾಂತಕ್ಷೇತ್ರವು ಪೂರ್ವಪಶ್ಚಿಮಗಳ ಕಣಗಳನ್ನು ಬೇರೆ ಬೇರೆಯಾಗಿ ಬಾಗಿಸುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈ ಮಾಪನಗಳ ಫಲವನ್ನು ರಾಯರು ಮತ್ತು ಸಾರಾಭಾಯಿಯವರು ೧೯೬೧ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಸರಣಿಯಾಗಿ ಪ್ರಕಟಿಸಿದರು. ದೊಡ್ಡ ಯಂತ್ರೋಪಕರಣಗಳಿಲ್ಲದ ದೇಶದಲ್ಲಿ, ಯುಕ್ತಿಯನ್ನೂ ತಾಳ್ಮೆಯನ್ನೂ ಬಂಡವಾಳವಾಗಿಸಿಕೊಂಡು ನಡೆದ ಕೆಲಸವಿದು.

೪

೧೯೬೧ರಲ್ಲಿ ರಾಯರು ಅಮೆರಿಕದ ಮಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಗೆ ಹೋದರು. ಅವರ ಅಮೆರಿಕದ ಕೆಲಸಗಳಲ್ಲಿ ಎರಡನ್ನು ಮುಖ್ಯವಾಗಿ ಹೇಳಬೇಕು.

ಮೊದಲನೆಯದು ಆಸ್ಟ್ರೇಲಿಯದ ಕೆನ್ ಮೆಕ್‌ಕ್ರಾಕೆನ್ ಮತ್ತು ಭಾರತೀಯರೇ ಆದ ಡಿ. ವೆಂಕಟೇಶನ್ನರೊಡನೆ ಮಾಡಿದ್ದು. ಅಹಮದಾಬಾದಿನಲ್ಲಿ ಎದುರಾಗಿದ್ದ ತೊಡಕೇ ಇಲ್ಲಿ ವಿಶ್ವವ್ಯಾಪಿಯಾಗಿ ಕಾಣಿಸಿಕೊಂಡಿತು. ಪ್ರಪಂಚದ ನಾನಾ ಕಡೆಗಳಲ್ಲಿ ವಿಶ್ವಕಿರಣಗಳನ್ನು ಎಣಿಸುವ ಕೇಂದ್ರಗಳಿದ್ದವು. ಆದರೆ ಒಂದು ಕೇಂದ್ರಕ್ಕೆ ನೆತ್ತಿಯ ಮೇಲಿಂದ ಬಂದಿಳಿದ ಕಣವು ಕಾಂತಕ್ಷೇತ್ರವನ್ನು ಹೊಗುವ ಮುನ್ನ ಸಾಗುತ್ತಿದ್ದ ದಿಕ್ಕು ಬೇರೆಯೇ ಆಗಿರುತ್ತದೆ. ಆ ಮೂಲದಿಕ್ಕನ್ನು ತಿಳಿಯಲು ಅವರು ಲೆಕ್ಕವನ್ನು ಹಿಂದುಮುಂದು ಮಾಡಿದರು. ಕೇಂದ್ರದಿಂದ ಒಂದು ಋಣಕಣವನ್ನು ಮೇಲಕ್ಕೆ ಎಸೆದಂತೆ ಭಾವಿಸಿ, ಅದು ಕಾಂತಕ್ಷೇತ್ರವನ್ನು ದಾಟಿ ಹೊರಬೀಳುವ ವರೆಗಿನ ದಾರಿಯನ್ನು ಗಣಕಯಂತ್ರದಿಂದ ಹೆಜ್ಜೆಹೆಜ್ಜೆಯಾಗಿ ಗುಣಿಸಿದರೆ, ಒಳಬರುವ ಧನಕಣದ ದಾರಿ ತಾನಾಗಿಯೇ ಸಿಗುತ್ತದೆ. ಹೀಗೆ ಪ್ರತಿಯೊಂದು ಕೇಂದ್ರವೂ ಅಂತರಿಕ್ಷದ ಯಾವ ಭಾಗವನ್ನು 'ನೋಡುತ್ತಿದೆ' ಎಂಬುದು ನಿಶ್ಚಯವಾಯಿತು. ಈ ವಿಧಾನವನ್ನು ವಿವರಿಸುವ ಅವರ ಪ್ರಬಂಧ ೧೯೬೩ರಲ್ಲಿ ಪ್ರಕಟವಾಯಿತು. ೧೯೬೫ರಲ್ಲಿ, ಅಂತಾರಾಷ್ಟ್ರೀಯ ಶಾಂತಸೂರ್ಯ ವರ್ಷಗಳ ಕಾರ್ಯಕ್ರಮದ ಅಂಗವಾಗಿ, ಎಲ್ಲ ಕೇಂದ್ರಗಳಿಗೂ ಬೇಕಾದ ಕೋಷ್ಟಕಗಳು ಹೊರಬಂದವು.

ಇದರಿಂದ ಭೂಮಿಯ ಕಾಂತಕ್ಷೇತ್ರವು ಮುಸುಕಾಗಿದ್ದದ್ದು ಮಸೂರವಾಯಿತು. ಅಲ್ಲಲ್ಲಿ ಚದರಿದ್ದ ಕೇಂದ್ರಗಳು ಒಟ್ಟಾಗಿ, ಭೂಮಿಯಷ್ಟೇ ದೊಡ್ಡದಾದ ಒಂದು ಯಂತ್ರದಂತೆ ಕೆಲಸಮಾಡಬಲ್ಲವಾದವು. ದೈನಿಕ ಏರಿಳಿತಕ್ಕೆ ಕಾರಣವಾದ ಕಣಗಳು ಸೂರ್ಯನ ಕಡೆಯಿಂದ ಬರುತ್ತಿಲ್ಲ, ಸೂರ್ಯಭೂಮಿಗಳನ್ನು ಸೇರಿಸುವ ರೇಖೆಗೆ ಸುಮಾರಾಗಿ ಲಂಬವಾದ ದಿಕ್ಕಿನಿಂದ ಬರುತ್ತಿವೆ ಎಂದು ಆ ಪ್ರಬಂಧ ತೋರಿಸಿತು. ಸೂರ್ಯನೊಡನೆ ಸುತ್ತುವ ಕಾಂತರೇಖೆಗಳು ಆ ಕಣಗಳನ್ನೂ ತಮ್ಮೊಡನೆ ಸುತ್ತಿಸುತ್ತವೆಂಬ ವಿಚಾರಕ್ಕೆ ಇದು ಬಲವನ್ನು ಕೊಟ್ಟಿತು.

೫

ಎರಡನೆಯ ಕೆಲಸವೇ ರಾಯರ ಹೆಸರನ್ನು ಸೂರ್ಯಮಾರುತದೊಡನೆ ಬೆಸೆದದ್ದು. ಇಲ್ಲಿ ಯಾರ ಪಾಲು ಎಷ್ಟೆಂಬುದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಸೂರ್ಯಮಾರುತದ ಕಲ್ಪನೆ ಬಿಯರ್‌ಮನ್ ಮತ್ತು ಪಾರ್ಕರರದು. ಅದರ ಕಣಗಳನ್ನು ಮೊದಲು ಮುಟ್ಟಿದ್ದು ೧೯೫೯ರ ಸೋವಿಯತ್ ಲೂನಾ ನೌಕೆಗಳು. ೧೯೬೨ರ ಆಗಸ್ಟ್ ೨೭ರಂದು ಹೊರಟು ಡಿಸೆಂಬರ್ ೧೪ರಂದು ಶುಕ್ರಗ್ರಹದ ಬಳಿ ಹಾದುಹೋದ ಮ್ಯಾರಿನರ್-೨ ನೌಕೆಯು ಮೂರು ತಿಂಗಳಿಗೂ ಮೀರಿ ಸೂರ್ಯಮಾರುತವನ್ನು ಅಳೆಯಿತು. ಆ ಮಾಪನಯಂತ್ರ ಕ್ಯಾಲಿಫೋರ್ನಿಯದ ಜೆಟ್ ಪ್ರೊಪಲ್ಷನ್ ಪ್ರಯೋಗಶಾಲೆಯ ಮಾರ್ಸಿಯಾ ನಾಯ್‌ಗೆಬಾವರ್ ಮತ್ತು ಕಾನ್ವೇ ಸ್ನೈಡರ್ ಅವರದು. ಗಾಳಿ ಒಂದು ದಿನವೂ ನಿಲ್ಲಲಿಲ್ಲವೆಂಬ ಸಂಗತಿಯನ್ನು ಮೊದಲು ಪ್ರಕಟಿಸಿದವರೂ ಅವರೇ.

ರಾಯರ ಪಾಲು ಮುಂದಿನ ಹೆಜ್ಜೆಯಲ್ಲಿದೆ. ನೌಕೆಯ ಅಂಕಿಗಳನ್ನು ಭೂಮಿಯ ಮೇಲಿನ ದಾಖಲೆಗಳೊಡನೆ ಹೋಲಿಸಿ ನೋಡಬೇಕಾಗಿತ್ತು. ವಿಶ್ವಕಿರಣಗಳ ಮತ್ತು ಭೂಕಾಂತತ್ವದ ಕಾಲಿಕ ವ್ಯತ್ಯಾಸಗಳಲ್ಲಿ ಪಳಗಿದ ಕೈ ಅದಕ್ಕೆ ಬೇಕಿತ್ತು. ಸ್ನೈಡರ್, ನಾಯ್‌ಗೆಬಾವರ್ ಮತ್ತು ರಾವ್ ಎಂಬ ಮೂವರ ಹೆಸರಿನಲ್ಲಿ ೧೯೬೩ರಲ್ಲಿ ಪ್ರಕಟವಾದ ಪ್ರಬಂಧ ಈ ಹೋಲಿಕೆಯ ಫಲ.

ಭೂಕಾಂತಕ್ಷೇತ್ರದ ಕ್ಷೋಭೆಯನ್ನು ಅಳೆಯಲು ಜರ್ಮನಿಯ ಯೂಲಿಯಸ್ ಬಾರ್ಟೆಲ್ಸ್ ೧೯೪೯ರಲ್ಲಿ ರೂಪಿಸಿದ ಕೆಪಿ ಎಂಬ ಸೂಚ್ಯಂಕವುಂಟು. ಹಲವು ವೀಕ್ಷಣಾಲಯಗಳ ದಾಖಲೆಯಿಂದ ಮೂರು ಮೂರು ಗಂಟೆಗಳಿಗೊಮ್ಮೆ ಸೊನ್ನೆಯಿಂದ ಒಂಬತ್ತರ ವರೆಗೆ ಒಂದು ಅಂಕವನ್ನು ನಿರ್ಧರಿಸುತ್ತಾರೆ. ದಿನದ ಎಂಟು ಅಂಕಗಳನ್ನು ಕೂಡಿದರೆ ಆ ದಿನದ ಒಟ್ಟು ಕ್ಷೋಭೆ ತಿಳಿಯುತ್ತದೆ. ಸೂರ್ಯಮಾರುತದ ದಿನದ ಸರಾಸರಿ ವೇಗವು ಈ ಮೊತ್ತದೊಡನೆ ಹೊಂದಿಕೊಂಡು ಏರಿಳಿಯುತ್ತದೆಂದು ಮೂವರೂ ಕಂಡರು. ಅದನ್ನು ಅವರು ಒಂದು ಸರಳ ಸಮೀಕರಣದಲ್ಲಿ ಹೇಳಿದರು. ಸೆಕೆಂಡಿಗೆ ಕಿಲೋಮೀಟರುಗಳಲ್ಲಿ,

ವೇಗ = ೮.೪೪ × (ದಿನದ ಕೆಪಿ ಮೊತ್ತ) + ೩೩೦.

ಮೊತ್ತ ೨೦ ಆದ ದಿನ ವೇಗ ಸುಮಾರು ೪೯೯. ೪೦ ಆದ ದಿನ ಸುಮಾರು ೬೬೮. ವಿದ್ಯಾರ್ಥಿಗಳು ಈ ಸಮೀಕರಣದ ಎರಡು ಅಂಕಗಳನ್ನೂ ಬೇರೆ ಬೇರೆಯಾಗಿ ಯೋಚಿಸಬೇಕು. ಮೊದಲನೆಯ ಅಂಕವು, ಗಾಳಿಯ ವೇಗ ಹೆಚ್ಚಿದಂತೆ ಭೂಕಾಂತಕ್ಷೇತ್ರದ ತಳಮಳವೂ ಹೆಚ್ಚುತ್ತದೆಂದು ಹೇಳುತ್ತದೆ. ಎರಡನೆಯದು ಅದಕ್ಕಿಂತ ಅರ್ಥವತ್ತಾದುದು. ಕಾಂತಯಂತ್ರದ ಮುಳ್ಳು ಅಲುಗಾಡದ, ಮೊತ್ತವು ಸೊನ್ನೆಯಾದ ಪ್ರಶಾಂತದಿನದಲ್ಲಿಯೂ ಗಾಳಿಯ ವೇಗ ಸೊನ್ನೆಯಲ್ಲ. ಸೆಕೆಂಡಿಗೆ ೩೩೦ ಕಿಲೋಮೀಟರು. ಎರಡು ಪ್ರಕೋಪಗಳ ನಡುವೆ ಅಂತರಿಕ್ಷ ಬರಿದೆಂಬ ಹಳೆಯ ಭಾವನೆಗೆ ಇಲ್ಲಿ ಎಡೆಯುಳಿಯಲಿಲ್ಲ.

ವೇಗದ ಪ್ರವಾಹಗಳು ಸೂರ್ಯನು ಒಂದು ಸುತ್ತು ಮುಗಿಸುವ ಸುಮಾರು ೨೭ ದಿನಗಳಿಗೊಮ್ಮೆ ಮರಳಿ ಬರುತ್ತಿದ್ದುವು. ಕಲೆಗಳಿಲ್ಲದ ಸೂರ್ಯಭಾಗಗಳಿಂದಲೂ ೨೭ ದಿನಗಳಿಗೊಮ್ಮೆ ಕಾಂತಕ್ಷೋಭೆ ಮರುಕೊಳಿಸುವುದನ್ನು ಬಾರ್ಟೆಲ್ಸ್ ೧೯೩೦ರ ದಶಕದಲ್ಲಿಯೇ ಗುರುತಿಸಿ, ಕಣ್ಣಿಗೆ ಕಾಣದ ಆ ಮೂಲಗಳನ್ನು ಎಂ-ಪ್ರದೇಶಗಳೆಂದು ಕರೆದಿದ್ದನು. ಅವುಗಳಿಂದ ಹೊಮ್ಮುವ ಗಾಳಿ ಈಗ ಯಂತ್ರಕ್ಕೆ ಸಿಕ್ಕಿತು. ಆ ಮೂಲಗಳು ಸೂರ್ಯಕಿರೀಟದ ರಂಧ್ರಗಳೆಂದು ೧೯೭೦ರ ದಶಕದಲ್ಲಿ ತಿಳಿಯಿತು.

ಈ ಸಮೀಕರಣಕ್ಕೆ ಮಿತಿಯೂ ಉಂಟು. ವೇಗವೊಂದೇ ಪ್ರಕೋಪವನ್ನು ನಿರ್ಧರಿಸುವುದಿಲ್ಲ; ಗಾಳಿಯೊಡನೆ ಬರುವ ಕಾಂತಕ್ಷೇತ್ರವು ದಕ್ಷಿಣಾಭಿಮುಖವಾಗಿದ್ದಾಗಲೇ ಅದರ ಶಕ್ತಿ ಭೂಮಿಯ ಕ್ಷೇತ್ರದೊಳಕ್ಕೆ ಸುಲಭವಾಗಿ ನುಗ್ಗುತ್ತದೆ. ಜೇಮ್ಸ್ ಡಂಗಿ ೧೯೬೧ರಲ್ಲಿ ಸೂಚಿಸಿದ ಈ ವಿಚಾರವನ್ನು ಮುಂದಿನ ಮಾಪನಗಳು ದೃಢಪಡಿಸಿದುವು. ಆದಕಾರಣ ೧೯೬೩ರ ಸಮೀಕರಣವನ್ನು ಕೊನೆಯ ಮಾತೆಂದು ತಿಳಿಯಬಾರದು. ನೆಲದ ಮೇಲಿನ ಕಾಂತದಾಖಲೆಯನ್ನು ಅಂತರಿಕ್ಷದ ಮಾಪನದೊಡನೆ ಅಂಕಿಗಳಲ್ಲಿ ಕಟ್ಟಿಹಾಕಿದ ಮೊದಲ ಗಂಟು ಅದು. ಸೂರ್ಯಮಾರುತದ ಶೋಧಕರೆಂಬ ಬಿರುದಿಗಿಂತ, ಆ ಗಂಟನ್ನು ಹಾಕಿದ ಮೂವರಲ್ಲಿ ಒಬ್ಬರೆಂಬ ಸತ್ಯವೇ ರಾಯರಿಗೆ ಹೆಚ್ಚು ಗೌರವವನ್ನು ತರುತ್ತದೆ.

೬

೧೯೬೩ರಲ್ಲಿ ರಾಯರು ಟೆಕ್ಸಾಸಿನ ಡಲ್ಲಾಸಿಗೆ ಹೋಗಿ ಸಹಾಯಕ ಪ್ರಾಧ್ಯಾಪಕರಾದರು. ಪಯೊನಿಯರ್ ೬, ೭, ೮, ೯ ಎಂಬ ನೌಕೆಗಳು ೧೯೬೫ರ ಡಿಸೆಂಬರಿನಿಂದ ೧೯೬೮ರ ನವೆಂಬರಿನೊಳಗೆ ಒಂದೊಂದಾಗಿ ಹಾರಿ, ಭೂಮಿಯಂತೆಯೇ ಸೂರ್ಯನನ್ನು ಸುತ್ತತೊಡಗಿದುವು. ಅವುಗಳಲ್ಲಿ ವಿಶ್ವಕಿರಣಗಳು ಬರುವ ದಿಕ್ಕನ್ನು ಅಳೆಯುವ ಉಪಕರಣವನ್ನು ಇರಿಸಿದವರಲ್ಲಿ ಮೆಕ್‌ಕ್ರಾಕೆನ್ನರೊಡನೆ ರಾಯರೂ ಒಬ್ಬರು. ಅಹಮದಾಬಾದಿನಲ್ಲಿ ಭೂಮಿಯ ತಿರುಗುವಿಕೆಯಿಂದ ಸಿಕ್ಕುತ್ತಿದ್ದ ದಿಕ್ಕಿನ ಜ್ಞಾನ ಇಲ್ಲಿ ನೌಕೆಯ ತಿರುಗುವಿಕೆಯಿಂದ ಸಿಕ್ಕಿತು. ವಾಯುಮಂಡಲದ, ಭೂಕಾಂತಕ್ಷೇತ್ರದ ಅಡ್ಡಿಯೂ ಇಲ್ಲವಾಯಿತು. ಸೂರ್ಯಸ್ಫೋಟದಿಂದ ಚಿಮ್ಮಿದ ಕಣಗಳು ನೇರವಾಗಿ ಬರದೆ ಕಾಂತರೇಖೆಗಳ ಸುರುಳಿಯನ್ನು ಹಿಡಿದು ಬರುತ್ತವೆಂಬುದೂ, ಸ್ಫೋಟ ಹಳೆಯದಾದಂತೆ ಉಳಿದ ಕಣಗಳನ್ನು ಸೂರ್ಯಮಾರುತ ಗುಡಿಸಿಕೊಂಡು ಹೋಗುತ್ತದೆಂಬುದೂ ಈ ಮಾಪನಗಳಿಂದ ವಿಶದವಾಯಿತು. ಇಂದು ನಾವು ಬಾಹ್ಯಾಕಾಶ ಹವಾಮಾನವೆಂದು ಕರೆಯುವ ಶಾಸ್ತ್ರದ ಅಡಿಗಲ್ಲುಗಳಲ್ಲಿ ಇವೂ ಸೇರಿವೆ.

೧೯೬೬ರಲ್ಲಿ ರಾಯರು ತಮ್ಮ ಹಳೆಯ ಸಂಶೋಧನಾಲಯಕ್ಕೆ ಮರಳಿದರು. ೧೯೭೧ರ ಡಿಸೆಂಬರ್ ೩೦ರಂದು ಸಾರಾಭಾಯಿಯವರು ತೀರಿಕೊಂಡರು. ೧೯೭೨ರ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾಗಿ, ಮೊದಲನೆಯ ಭಾರತೀಯ ಉಪಗ್ರಹವನ್ನು ಕಟ್ಟುವ ಹೊಣೆ ರಾಯರ ಮೇಲೆ ಬಿತ್ತು. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ಆರ್ಯಭಟ ಸಿದ್ಧವಾಯಿತು. ಇದು ಸಂಶೋಧಕನೊಬ್ಬನ ಬಾಳಿನಲ್ಲಿ ಸಣ್ಣ ತಿರುವಲ್ಲ. ನಲವತ್ತರ ವಯಸ್ಸಿನಲ್ಲಿ, ವಿದ್ವತ್ಪತ್ರಿಕೆಗಳಲ್ಲಿ ಹೆಸರು ಬೇರೂರಿದ್ದ ಹೊತ್ತಿನಲ್ಲಿ, ರಾಯರು ಕಾರ್ಯಕ್ಷೇತ್ರವನ್ನು ಬದಲಿಸಿದರು. ಆರ್ಯಭಟದಲ್ಲಿ ಕ್ಷ-ಕಿರಣ, ಸೂರ್ಯನ ನ್ಯೂಟ್ರಾನು, ಅಯಾನುಮಂಡಲಗಳನ್ನು ಕುರಿತ ಮೂರು ಪ್ರಯೋಗಗಳಿದ್ದುವು. ವಿದ್ಯುತ್ ಪೂರೈಕೆಯ ದೋಷದಿಂದ ಅವು ಕೆಲವೇ ದಿನಗಳಲ್ಲಿ ನಿಂತುಹೋದುವು. ಉಪಗ್ರಹವಾಗಿ ಆರ್ಯಭಟ ಗೆದ್ದಿತು; ಪ್ರಯೋಗಗಳು ನಿಂತವು. ಭೌತಶಾಸ್ತ್ರಜ್ಞನಿಗೆ ಅದು ಅಲ್ಪ ನಷ್ಟವಲ್ಲ. ಮುಂದಿನ ಎರಡು ದಶಕ ಅವರ ಶ್ರಮವೆಲ್ಲ ಭಾಸ್ಕರ, ಆಪಲ್, ದೂರಸಂವೇದಿ ಉಪಗ್ರಹಗಳು, ಉಡಾವಣಾ ವಾಹನಗಳು ಇವುಗಳಿಗೆ ಸಂದಿತು. ಈ ವಿನಿಮಯದಲ್ಲಿ ನಾಡಿಗೆ ದೊರೆತ ಲಾಭ ಕಣ್ಣಿಗೆ ಕಾಣುವಂಥದು. ಶಾಸ್ತ್ರ ಕಳೆದುಕೊಂಡದ್ದು ಬರೆಯದೆ ಉಳಿದ ಪ್ರಬಂಧಗಳಾದ್ದರಿಂದ ಅದನ್ನು ಯಾರೂ ಅಳೆಯಲಾರರು.

೭

ಹಳೆಯ ಪ್ರಶ್ನೆಯು ರಾಯರನ್ನು ಬಿಟ್ಟುಹೋಗಲಿಲ್ಲ. ೨೦೧೧ರಲ್ಲಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ವಿಶ್ವಕಿರಣಗಳ ಇಳಿತಕ್ಕೂ ಭೂಮಿಯ ಬಿಸಿಯೇರಿಕೆಗೂ ಗಣನೀಯವಾದ ಸಂಬಂಧವಿದೆಯೆಂದು ವಾದಿಸುವ ಪ್ರಬಂಧವನ್ನು ಅವರು 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಹವಾಮಾನಶಾಸ್ತ್ರಜ್ಞರಲ್ಲಿ ಬಹುಪಾಲು ಜನ ಅದನ್ನು ಒಪ್ಪಿಲ್ಲ. ಬಿಸಿಯೇರಿಕೆಗೆ ಮಾನವನು ಹೊರಸೂಸುವ ಅನಿಲಗಳೇ ಪ್ರಧಾನ ಕಾರಣವೆಂಬ ನಿರ್ಣಯ ಅದರಿಂದ ಕದಲಲಿಲ್ಲ. ಹಿರಿಯರ ಕೃತಿಯೆಂಬ ಕಾರಣಕ್ಕೆ ಇದನ್ನು ಮುಚ್ಚಿಡಬೇಕಾದದ್ದಿಲ್ಲ.

ಅದೇ ಹಳೆಯ ಪ್ರಶ್ನೆಯ ಇನ್ನೊಂದು ಫಲ ಹೆಚ್ಚು ಬಾಳುವಂಥದು. ಸೂರ್ಯನನ್ನು ನೋಡಲೆಂದು ಯೋಜಿಸಿದ್ದ ಆದಿತ್ಯ ನೌಕೆ ಮೊದಲು ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಸುತ್ತಬೇಕಾಗಿತ್ತು. ಬಾಹ್ಯಾಕಾಶ ವಿಜ್ಞಾನ ಸಲಹಾ ಸಮಿತಿಯ ಅಧ್ಯಕ್ಷರಾಗಿದ್ದ ರಾಯರು, ಅದನ್ನು ಭೂಮಿಯಿಂದ ಸುಮಾರು ೧೫ ಲಕ್ಷ ಕಿಲೋಮೀಟರು ದೂರದ ಎಲ್-೧ ಬಿಂದುವಿಗೆ ಕಳುಹಿಸುವ ಯೋಜನೆಗೆ ಬೆಂಬಲವಾಗಿ ನಿಂತರು. ಅವರ ಆರಂಭದ ಪ್ರಬಂಧಗಳನ್ನು ಬಲ್ಲವರಿಗೆ ಇದರ ಕಾರಣ ಸುಲಭವಾಗಿ ಹೊಳೆಯುತ್ತದೆ. ಅಲ್ಲಿಂದ ಸೂರ್ಯನು ಎಂದೂ ಮರೆಯಾಗುವುದಿಲ್ಲ. ಭೂಮಿಯ ಕಾಂತಕ್ಷೇತ್ರದ ಆಚೆ ಇರುವುದರಿಂದ ಸೂರ್ಯಮಾರುತವನ್ನು ಅದು ನಮ್ಮನ್ನು ತಲಪುವ ಮೊದಲೇ ಮುಟ್ಟಿ ಅಳೆಯಬಹುದು. ೨೦೧೭ರ ಜುಲೈ ೨೪ರಂದು ರಾಯರು ಬೆಂಗಳೂರಿನಲ್ಲಿ ನಿಧನರಾದರು. ಆದಿತ್ಯ-ಎಲ್೧ ಹಾರಿದ್ದು ೨೦೨೩ರ ಸೆಪ್ಟೆಂಬರ್ ೨ರಂದು. ಗುರಿ ಮುಟ್ಟಿದ್ದು ೨೦೨೪ರ ಜನವರಿ ೬ರಂದು. ಅದರಲ್ಲಿ ಸೂರ್ಯಮಾರುತದ ಕಣಗಳನ್ನು ಅಳೆಯುವ ಉಪಕರಣಗಳಲ್ಲೊಂದು ಅಹಮದಾಬಾದಿನ ಅದೇ ಭೌತ ಸಂಶೋಧನಾಲಯದ ನಿರ್ಮಾಣ.

ಈ ಮಾಪನಗಳು ಇಂದು ಕೇವಲ ವಿದ್ವಾಂಸರ ಕುತೂಹಲವಾಗಿ ಉಳಿದಿಲ್ಲ. ೧೯೮೯ರ ಮಾರ್ಚ್ ೧೩ರ ಕಾಂತಪ್ರಕೋಪದಿಂದ ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಸುಮಾರು ೬೦ ಲಕ್ಷ ಜನ ಒಂಬತ್ತು ಗಂಟೆಗಳ ಕಾಲ ವಿದ್ಯುತ್ತಿಲ್ಲದೆ ಕಳೆದರು. ೧೮೫೯ರಲ್ಲಿ ಕೊಲಾಬಾದ ಮುಳ್ಳನ್ನು ಅಲುಗಿಸಿದಂಥ ಪ್ರಕೋಪ ಮರಳಿ ಬಂದರೆ ಅದರ ಪೆಟ್ಟು ಎಷ್ಟಾದೀತೆಂಬುದನ್ನು ಇದರಿಂದ ಊಹಿಸಬಹುದು. ಆದಕಾರಣ ನಮ್ಮ ಕಾಲೇಜುಗಳಲ್ಲಿ ಆರ್ಯಭಟದ ಕಥೆಯನ್ನು ಹೇಳುವಾಗ, ೧೯೬೩ರ ಆ ಒಂದು ಸಾಲಿನ ಸಮೀಕರಣವನ್ನೂ ಕರಿಹಲಗೆಯ ಮೇಲೆ ಬರೆದು, ಅದರ ಎರಡು ಅಂಕಗಳ ಅರ್ಥವನ್ನು ವಿದ್ಯಾರ್ಥಿಗಳಿಂದಲೇ ಹೇಳಿಸುವುದು ಒಳ್ಳೆಯದು. ರಾಯರನ್ನು ಸ್ಮರಿಸಲು ಅಧ್ಯಾಪಕರಿಗೆ ಇದಕ್ಕಿಂತ ಉಚಿತವಾದ ಮಾರ್ಗ ಬೇರೊಂದಿಲ್ಲ.